ಕಾಲು ತಣ್ಣಗಾದರೆ ಬೆಳಗಾಗುವ ತನಕ ಕಾಯಬೇಡಿರಿ

(ರಾಯದುರ್ಗದಲ್ಲಿಯೂ ಮಡಕಶಿರಾದಲ್ಲಿಯೂ ತೋಟದ ದುಡಿಮೆಯ ಕುಟುಂಬಗಳ ಮುಂದೆ ಆಡಿದ ಮಾತುಗಳು)



ಎದೆನೋವು ಬಂದರೆ ಓಡಬೇಕು ಎಂಬುದು ಈಗ ನಮ್ಮ ಜನಕ್ಕೆ ಗೊತ್ತು. ಬಾಯಿ ಸೊಟ್ಟಗಾಗಿ ಕೈ ಬಿದ್ದುಹೋದರೂ ಓಡಬೇಕು ಎಂಬುದು ಅಷ್ಟಿಷ್ಟು ಗೊತ್ತು. ಆದರೆ ಇದ್ದಕ್ಕಿದ್ದಂತೆ ಒಂದು ಕಾಲು ನೋಯತೊಡಗಿ, ತಣ್ಣಗಾಗಿ, ಬಿಳಿಚಿಕೊಂಡರೆ ಅದೂ ಅಷ್ಟೇ ತುರ್ತಿನದು ಎಂಬುದನ್ನು ಬಹಳ ಮಂದಿ ಅರಿಯರು. ಕಾಲು ತಾನೇ, ಬೆಳಿಗ್ಗೆ ನೋಡಿದರಾಯಿತು ಎನ್ನುತ್ತಾರೆ. ದಿನವೆಲ್ಲ ನಿಂತು ದುಡಿಯುವವರ ಕಾಲು ನೋಯದೆ ಇರುತ್ತದೆಯೇ ಎಂದು ಎಣ್ಣೆ ತಿಕ್ಕಿ ಮಲಗಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಆ ಕಾಲನ್ನು ಉಳಿಸುವ ಹೊತ್ತು ಮೀರಿರಬಹುದು. ನಾವು ಈ ಹೊತ್ತು ಇದೊಂದೇ ಸಂಗತಿಯನ್ನು ಬಿಡಿಸಿ ಹೇಳಬೇಕೆಂದು ಬಂದಿದ್ದೇವೆ.

ನಮಗೆ ಕಾಲು ಎಂದರೆ ಬರಿಯ ಕಾಲಲ್ಲ. ಮಳೆ ಕೈಕೊಟ್ಟ ವರುಷ ಶೇಂಗಾ ಹೊಲವನ್ನು ಬಿಟ್ಟು ಘಟ್ಟದ ತೋಟಗಳಿಗೆ ಹೋಗುವವರು ನಾವು. ಇಳಿಜಾರಿನಲ್ಲಿ ನಿಂತು ಕಾಫಿ ಹಣ್ಣು ಬಿಡಿಸುವುದಕ್ಕೂ, ಮೂಟೆ ಹೊತ್ತು ಕಣಕ್ಕೆ ಇಳಿಯುವುದಕ್ಕೂ ಎರಡು ಕಾಲು ಬೇಕು. ದಿನಗೂಲಿಯ ಮನೆಯಲ್ಲಿ ಒಂದು ಕಾಲು ಹೋದರೆ ಒಂದು ಮಗುವಿನ ಶಾಲೆಯೂ ಹೋಗುತ್ತದೆ.

ಒಳಗೆ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಕಣೇಕಲ್ಲು, ಬೊಮ್ಮನಹಾಳು ಕಡೆಯವರಿಗೆ ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯನ್ನು ವಿವರಿಸಬೇಕಾಗಿಲ್ಲ. ಕಾಲುವೆಯ ತೂಬಿಗೆ ಒಂದು ಮರದ ದಿಮ್ಮಿ ಬಂದು ಸಿಕ್ಕಿಕೊಂಡಿತೆನ್ನಿ. ಮೇಲೆ ನೀರು ತುಂಬಿ ನಿಂತಿದೆ, ಕೆಳಗಿನ ಹೊಲಗಳಿಗೆ ಒಂದು ಹನಿಯೂ ಇಲ್ಲ. ನಮ್ಮ ಮೈಯಲ್ಲಿಯೂ ಹಾಗೆಯೇ. ಹೃದಯದಿಂದ ಹೊರಟ ದೊಡ್ಡ ರಕ್ತನಾಳ ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಕವಲೊಡೆದು, ತೊಡೆಸಂದಿಯ ದಾರಿಯಾಗಿ ಒಂದೊಂದು ಕಾಲಿಗೆ ಇಳಿಯುತ್ತದೆ. ತೊಡೆಸಂದಿಯಲ್ಲಿ ಮತ್ತೆ ಕವಲು, ಮೊಣಕಾಲಿನ ಕೆಳಗೆ ಮತ್ತೆ ಕವಲು. ಕವಲೊಡೆಯುವ ಕಡೆ ನಾಳ ಕಿರಿದಾಗುತ್ತದೆ. ಎಲ್ಲಿಂದಲೋ ತೇಲಿ ಬಂದ ರಕ್ತದ ಹೆಪ್ಪು ಅಂಥ ಕಡೆ ಬಂದು ಕೂತರೆ ಅದರ ಕೆಳಗಿನ ಕಾಲೆಲ್ಲ ಒಮ್ಮೆಗೇ ಬತ್ತಿಹೋಗುತ್ತದೆ. ಅಪರೂಪಕ್ಕೆ ದೊಡ್ಡ ಹೆಪ್ಪೊಂದು ಹೊಕ್ಕುಳಿನ ಬಳಿಯ ಕವಲಿನಲ್ಲೇ ಕೂತು ಎರಡೂ ಕಾಲಿನ ರಕ್ತವನ್ನು ತಡೆಯುವುದೂ ಉಂಟು.

ನೀರಿಲ್ಲದ ಪೈರು ಎರಡು ಮೂರು ದಿನ ತಾಳೀತು. ರಕ್ತವಿಲ್ಲದ ಮಾಂಸ ತಾಳುವುದು ಗಂಟೆಗಳ ಲೆಕ್ಕದಲ್ಲಿ. ಪೂರ್ತಿ ರಕ್ತ ನಿಂತರೆ ಸುಮಾರು 6 ಗಂಟೆಯೊಳಗೆ ಮಾಂಸಖಂಡಗಳು ಸಾಯತೊಡಗುತ್ತವೆ, ನರಗಳು ಅದಕ್ಕೂ ಮುಂಚೆಯೇ ಸೊರಗುತ್ತವೆ. ಈ 6 ಗಂಟೆ ಎಂಬುದು ಕಾರ್ಖಾನೆಯ ಸೈರನ್ ಕೂಗಿದ ಹಾಗಲ್ಲ. ಕೆಲವರಿಗೆ ಬದಿಯ ಸಣ್ಣ ನಾಳಗಳಿಂದ ಅಷ್ಟಿಷ್ಟು ರಕ್ತ ಹರಿದು ಹೆಚ್ಚು ಹೊತ್ತು ಸಿಗುತ್ತದೆ, ಕೆಲವರಿಗೆ ಅಷ್ಟೂ ಸಿಗುವುದಿಲ್ಲ. ಆದುದರಿಂದ ಹೊತ್ತು ಮೀರಿತು ಎಂದು ನೀವೇ ತೀರ್ಮಾನಿಸಿ ಮನೆಯಲ್ಲಿ ಉಳಿಯಬಾರದು. ಅದನ್ನು ಹೇಳಬೇಕಾದವರು ವೈದ್ಯರು.

ಗುರುತು ಹೇಗೆ? ನೋವು ಸಿಡಿಲಿನಂತೆ ಬರುತ್ತದೆ. ಎಷ್ಟು ಗಂಟೆಗೆ ಶುರುವಾಯಿತು ಎಂದು ರೋಗಿಯೇ ಹೇಳಬಲ್ಲಷ್ಟು ಸ್ಪಷ್ಟವಾಗಿ ಬರುತ್ತದೆ. ಇನ್ನೊಂದು ಕಾಲಿನ ಪಕ್ಕದಲ್ಲಿಟ್ಟು ನೋಡಿದರೆ ಈ ಕಾಲು ಬಿಳಿಚಿರುತ್ತದೆ. ಕಪ್ಪು ಮೈಬಣ್ಣದವರಾದರೆ ಅಂಗಾಲನ್ನೂ ಉಗುರುಗಳನ್ನೂ ನೋಡಬೇಕು. ನಿಮ್ಮ ಕೈಯ ಹಿಂಬದಿಯನ್ನು ತೊಡೆಯಿಂದ ಕೆಳಕ್ಕೆ ಸವರುತ್ತಾ ಬಂದರೆ ಒಂದು ಕಡೆ ಬೆಚ್ಚಗಿದ್ದುದು ತಣ್ಣಗಾಗುವುದು ತಿಳಿಯುತ್ತದೆ. ಆಮೇಲೆ ಜೋಮು ಹಿಡಿಯುತ್ತದೆ, ಮುಟ್ಟಿದ್ದು ತಿಳಿಯುವುದಿಲ್ಲ. ಕೊನೆಗೆ ಬೆರಳು ಆಡಿಸಲಾಗುವುದಿಲ್ಲ. ಇಲ್ಲಿ ಒಂದು ಮೋಸವಿದೆ: ನರಗಳು ಸೋತಾಗ ನೋವೂ ಕಡಿಮೆಯಾಗಬಹುದು. ನೋವು ಇಳಿಯಿತು, ಎಣ್ಣೆ ಹಿಡಿಯಿತು ಎಂದು ಮನೆಯವರು ಸಮಾಧಾನ ಪಡುವ ಆ ಗಳಿಗೆಯೇ ಕಾಲಿಗೆ ಬಹಳ ಕೆಟ್ಟ ಗಳಿಗೆ. ಸ್ಪರ್ಶ ಹೋಗಿ ಬೆರಳು ಆಡದಿದ್ದರೆ ಒಂದು ನಿಮಿಷವೂ ತಡೆಯಬಾರದು.

ಇನ್ನೊಂದು ಗುರುತು ನಾಡಿ. ಕೈಯಲ್ಲಿರುವಂತೆ ಕಾಲಿನಲ್ಲಿಯೂ ನಾಡಿ ಉಂಟು. ಈಗಲೇ ಚಪ್ಪಲಿ ಬಿಟ್ಟು ನೋಡಿರಿ. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವಿನಿಂದ ಪಾದದ ಮೇಲ್ಭಾಗಕ್ಕೆ ಬೆರಳು ಸರಿಸಿಕೊಂಡು ಹೋಗಿರಿ. ಪಾದದ ನಡುಮಟ್ಟದಲ್ಲಿ ಮೂರು ಬೆರಳನ್ನು ಹಗುರವಾಗಿ ಇಡಿರಿ, ಒತ್ತಬೇಡಿರಿ. ಟಕ್ ಟಕ್ ಎಂದು ಬಡಿಯುವುದು ಸಿಕ್ಕೀತು. ಕೆಲವರಿಗೆ ಹುಟ್ಟಿನಿಂದಲೇ ಅಲ್ಲಿ ಸಿಗುವುದಿಲ್ಲ, ಗಾಬರಿ ಬೇಡ. ಒಳಗಣ್ಣಿನ ಹಿಂದೆ, ಅಂದರೆ ಪಾದದ ಗಂಟಿನ ಒಳಬದಿಯ ಮೂಳೆಗೂ ಹಿಮ್ಮಡಿಯ ನರಕ್ಕೂ ನಡುವೆ, ಇನ್ನೊಂದು ನಾಡಿ ಇದೆ. ಮನೆಯಲ್ಲಿ ಒಬ್ಬರಾದರೂ ಇದನ್ನು ರೂಢಿಸಿಕೊಂಡರೆ ಸಾಕು. ನೋಯುವ ಕಾಲಿನಲ್ಲಿ ಇಲ್ಲದ ನಾಡಿ ಇನ್ನೊಂದು ಕಾಲಿನಲ್ಲಿ ಚೆನ್ನಾಗಿ ಬಡಿಯುತ್ತಿದ್ದರೆ ಅನುಮಾನಕ್ಕೆ ಎಡೆಯಿಲ್ಲ. ನಾಡಿ ಸಿಕ್ಕಿತೋ ಇಲ್ಲವೋ ಎಂದು ಗೊಂದಲವಾದರೆ ನೋಡುತ್ತಾ ಕೂರದೆ ಹೊರಡಿರಿ.

ಕಾಲು ಊದಿಕೊಂಡು, ಬೆಚ್ಚಗಾಗಿ, ಬಿಗಿದು ನೋಯುವುದು ಬೇರೆ ಕಾಯಿಲೆ. ಅಲ್ಲಿ ಕಟ್ಟಿಕೊಂಡಿರುವುದು ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ನಾಳ. ಅದಕ್ಕೂ ಆಸ್ಪತ್ರೆ ಬೇಕೇ ಬೇಕು, ಆದರೆ ಈ ಹೊತ್ತಿನ ಮಾತು ಅದಲ್ಲ.

ಇನ್ನು ನಮ್ಮ ಊರುಗಳಲ್ಲಿ ಇದನ್ನು ಯಾವ ಯಾವ ಹೆಸರಿನಿಂದ ಕರೆದು ಹೊತ್ತು ಕಳೆಯುತ್ತೇವೆ ಎಂಬುದನ್ನು ಹೇಳಲೇಬೇಕು. ಒಂದು, ಹಾವು. ಹೊಲದಲ್ಲಿಯೋ ಕಾಫಿ ಗಿಡದ ಬುಡದಲ್ಲಿಯೋ ಕತ್ತಲಾದ ಮೇಲೆ ಕಾಲು ಧುತ್ತೆಂದು ನೊಂದರೆ ಹಾವು ಮುಟ್ಟಿತೆಂದು ತೊಡೆಗೆ ಹಗ್ಗ ಬಿಗಿಯುತ್ತಾರೆ. ಹಾವು ಕಚ್ಚಿದ್ದರೂ ಹಗ್ಗ ಬಿಗಿಯಬಾರದೆಂದು ಈಗಿನ ವೈದ್ಯರು ಒಂದೇ ಮಾತಿನಲ್ಲಿ ಹೇಳುತ್ತಾರೆ. ರಕ್ತ ನಿಂತ ಕಾಲಿಗೆ ಬಿಗಿದರೆ ಬದಿಯ ಸಣ್ಣ ನಾಳಗಳಲ್ಲಿ ಹರಿಯುತ್ತಿದ್ದ ಅಷ್ಟು ರಕ್ತವೂ ನಿಂತುಹೋಗುತ್ತದೆ. ಎರಡು, ಲಕ್ವ. ಕಾಲು ಆಡುವುದಿಲ್ಲವೆಂದು ಪಾರಿವಾಳದ ರಕ್ತ ಸವರುವವರ ಬಳಿಗೆ, ಸೊಪ್ಪಿನ ಔಷಧಿ ಕೊಡುವವರ ಬಳಿಗೆ ಗಾಡಿ ಮಾಡಿಕೊಂಡು ಹೋಗುತ್ತಾರೆ. ಆಸ್ಪತ್ರೆಗೆ ಸಿಗದ ಗಾಡಿ ಅಲ್ಲಿಗೆ ಹೇಗೋ ಸಿಗುತ್ತದೆ! ಮೂರನೆಯದು ವಾಯು. ವಾಯು ಎಂದರೆ ಕಾಯಿಸಿದ ಇಟ್ಟಿಗೆ, ಬಿಸಿ ಮರಳಿನ ಗಂಟು, ಬಿಸಿ ಎಣ್ಣೆ. ಸ್ಪರ್ಶವಿಲ್ಲದ ಕಾಲಿಗೆ ಬಿಸಿ ಎಷ್ಟೆಂದು ತಿಳಿಯುವುದಿಲ್ಲ. ಚರ್ಮ ಸುಟ್ಟುಹೋಗುತ್ತದೆ, ಸುಟ್ಟ ಗಾಯ ಮಾಯಲು ಬೇಕಾದ ರಕ್ತವೂ ಅಲ್ಲಿಲ್ಲ. ತಿಕ್ಕುವುದರಿಂದ ಹೆಪ್ಪು ಕರಗುವುದಿಲ್ಲ, ಸಾಯುತ್ತಿರುವ ಮಾಂಸಕ್ಕೆ ಪೆಟ್ಟಾಗುತ್ತದೆ ಅಷ್ಟೇ.

ನಮ್ಮಲ್ಲಿ ಕೆಲವು ಮನೆಗಳಲ್ಲಿ ರಾತ್ರಿಯಿಡೀ ಹಾಸಿಗೆಯ ಸುತ್ತ ಕೂತು ಪ್ರಾರ್ಥನೆ ಮಾಡುವ ವಾಡಿಕೆಯೂ ಉಂಟು. ಪ್ರಾರ್ಥನೆ ಬೇಡವೆನ್ನಲು ನಾವು ಯಾರು? ಗಾಡಿ ಹತ್ತಿ ಪ್ರಾರ್ಥಿಸಿರಿ. ಬಳ್ಳಾರಿಯ ತನಕ ದಾರಿ ಸಾಕಷ್ಟು ಉದ್ದವಿದೆ.

ಹಾಗಾದರೆ ಮನೆಯಲ್ಲಿ ಮಾಡಬೇಕಾದುದೇನು? ಬಹಳ ಕಡಿಮೆ. ರೋಗಿಯನ್ನು ಮಲಗಿಸಿರಿ, ನಡೆಸಬೇಡಿರಿ. ಕಾಲನ್ನು ದಿಂಬಿನ ಮೇಲೆ ಎತ್ತಿಡಬೇಡಿರಿ. ಊದಿದ ಕಾಲಿಗೆ ಎತ್ತಿಡುವುದು ಸರಿ, ರಕ್ತವಿಲ್ಲದ ಕಾಲಿಗೆ ತಪ್ಪು. ಮಟ್ಟಸವಾಗಿಯೋ ಮೈಗಿಂತ ತುಸು ತಗ್ಗಿನಲ್ಲಿಯೋ ಇರಲಿ. ಒಣ ಬಟ್ಟೆಯನ್ನೋ ಕಂಬಳಿಯನ್ನೋ ಸಡಿಲವಾಗಿ ಸುತ್ತಿರಿ. ಕಾಲುಂಗುರ, ಕಾಲ್ಗೆಜ್ಜೆ, ಬಿಗಿಯಾದ ದಾರ ಇದ್ದರೆ ತೆಗೆಯಿರಿ. ಮತ್ತು ಬರುವಾಗ ಕೊಡಬಹುದಾದ ಅರಿವಳಿಕೆಯನ್ನು ನೆನೆದು ಊಟ ಕೊಡಬೇಡಿರಿ. ಊರಿನ ಪ್ರಾಕ್ಟೀಷನರು ಸೊಂಟಕ್ಕೆ ಒಂದು ನೋವಿನ ಇಂಜೆಕ್ಷನ್ ಹಾಕುತ್ತೇನೆ ಎಂದರೆ ಬೇಡವೆನ್ನಿರಿ. ಆಸ್ಪತ್ರೆಯಲ್ಲಿ ರಕ್ತ ಹೆಪ್ಪುಗಟ್ಟದ ಔಷಧಿ ಕೊಟ್ಟಾಗ ಮಾಂಸಕ್ಕೆ ಚುಚ್ಚಿದ ಆ ಜಾಗದಲ್ಲಿ ರಕ್ತ ಒಸರಿ ಗಡ್ಡೆ ಕಟ್ಟಬಹುದು. ನೋವು ಶುರುವಾದ ಗಂಟೆಯನ್ನು ಒಂದು ಚೀಟಿಯಲ್ಲಿ ಬರೆದು ರೋಗಿಯ ಜೇಬಿನಲ್ಲಿಡಿರಿ. ಮೊದಲು ನುಂಗುತ್ತಿದ್ದ ಮಾತ್ರೆಗಳು, ಹಳೆಯ ಹೃದಯದ ಕಾಗದಗಳು ಇದ್ದರೆ ಚೀಲಕ್ಕೆ ಹಾಕಿರಿ.

ಆಮೇಲೆ 108. ಈ ಗಾಡಿ ಮೊದಲು ಹೊರಟದ್ದೇ ಆಂಧ್ರದಲ್ಲಿ, 2005ರ ಆಗಸ್ಟ್ 15ರಂದು. ಕರ್ನಾಟಕಕ್ಕೆ ಬಂದದ್ದು 2008ರಲ್ಲಿ. ನಮ್ಮಂಥ ಗಡಿ ಊರುಗಳಲ್ಲಿ ಒಂದು ತೊಡಕಿದೆ. ಅಮರಾಪುರದಲ್ಲಿಯೋ ರೊಳ್ಳದಲ್ಲಿಯೋ ಡಿ. ಹಿರೇಹಾಳಿನಲ್ಲಿಯೋ ನಿಂತು ಫೋನು ಮಾಡಿದರೆ ಅದು ಯಾವ ರಾಜ್ಯದ ಟವರಿಗೆ ಸಿಕ್ಕಿದೆಯೋ ಆ ರಾಜ್ಯದ ಕಚೇರಿಗೆ ಹೋಗಿಬಿಡಬಹುದು. ಆದುದರಿಂದ ರಾಜ್ಯ, ಜಿಲ್ಲೆ, ಮಂಡಲ, ಊರು, ಈ ಕ್ರಮದಲ್ಲಿ ಮೊದಲು ಹೇಳಿರಿ, ಕಾಯಿಲೆಯನ್ನು ಆಮೇಲೆ ಹೇಳಿರಿ. ಮಡಕಶಿರಾದ ಕಡೆಯವರು ನೆನಪಿಡಬೇಕು, 2022ರ ಏಪ್ರಿಲಿನಿಂದ ನಿಮ್ಮ ಜಿಲ್ಲೆ ಅನಂತಪುರವಲ್ಲ, ಶ್ರೀ ಸತ್ಯಸಾಯಿ ಜಿಲ್ಲೆ. ರಾಯದುರ್ಗ ಅನಂತಪುರದಲ್ಲಿಯೇ ಉಳಿದಿದೆ. ತೆಲುಗಿನಲ್ಲಿ ಕೇಳಿದರೆ ತಡವರಿಸಬೇಡಿರಿ. “ಕಾಲು ಚಲ್ಲಬಡಿಂದಿ, ಸ್ಪರ್ಶ ಲೇದು” ಎಂಬೆರಡು ಮಾತು ಸಾಕು. ಕಾಲು ನೋವು ಎಂದಷ್ಟೇ ಹೇಳಿದರೆ ಸಾಲಿನ ಕೊನೆಯಲ್ಲಿ ಕೂರಿಸಿಯಾರು. ಕಾಲು ತಣ್ಣಗಾಗಿದೆ, ನಾಡಿ ಸಿಗುತ್ತಿಲ್ಲ ಎಂದರೆ ಬಲ್ಲ ವೈದ್ಯರು ಎದ್ದು ಬರುತ್ತಾರೆ.

ಎಲ್ಲಿಗೆ ಹೋಗುವುದು? ರಾಯದುರ್ಗದಿಂದ ಬಳ್ಳಾರಿಗೆ ಸುಮಾರು 50 ಕಿಲೋಮೀಟರ್, ಅನಂತಪುರಕ್ಕೆ ಅದರ ಸುಮಾರು ಎರಡರಷ್ಟು. ಹಿರಿಯರಿಗೆ ಗೊತ್ತಿರುವಂತೆ ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರ ತನಕ ಬಳ್ಳಾರಿ ಜಿಲ್ಲೆಯದೇ ಆಗಿತ್ತು. ಗಡಿ ಸರಿಯಿತು, ರಸ್ತೆ ಸರಿಯಲಿಲ್ಲ. ಬಳ್ಳಾರಿಯ ವೈದ್ಯಕೀಯ ಕಾಲೇಜು 1961ರಲ್ಲಿ ಆರಂಭವಾದದ್ದು, ನಡುವೆ ಅದಕ್ಕೆ ವಿಜಯನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಎಂದು ಹೆಸರಿತ್ತು. ಅನಂತಪುರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 2000ದಲ್ಲಿ ಬಂತು. ಮಡಕಶಿರಾದವರಿಗೆ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ ಹಿಂದೂಪುರದ್ದು. ಅಲ್ಲಿಂದ ಮುಂದೆ ಹೃದಯ ಮತ್ತು ರಕ್ತನಾಳಗಳ ಶಸ್ತ್ರಚಿಕಿತ್ಸೆಗೆಂದು 1991ರಲ್ಲಿ ತೆರೆದ ಪುಟ್ಟಪರ್ತಿಯ ಆಸ್ಪತ್ರೆ ಉಂಟು, ಬೆಂಗಳೂರಿನಲ್ಲಿ ಜಯದೇವ ಆಸ್ಪತ್ರೆ ಉಂಟು. ಕಾಫಿ ತೋಟದಲ್ಲಿದ್ದಾಗ ಆದರೆ ಕೊಡಗಿನಿಂದ ಮೈಸೂರು, ಚಿಕ್ಕಮಗಳೂರು ಕಡೆಯಿಂದ ಹಾಸನ ಅಥವಾ ಮಂಗಳೂರು. ಆದರೆ ಯಾವ ರಾತ್ರಿ ಯಾವ ಆಸ್ಪತ್ರೆಯಲ್ಲಿ ರಕ್ತನಾಳ ಬಿಡಿಸಬಲ್ಲ ಸರ್ಜನ್ ಇರುತ್ತಾರೆ ಎಂಬುದನ್ನು ಇಲ್ಲಿ ನಿಂತು ಯಾರೂ ಹೇಳಲಾರರು. ಆದುದರಿಂದ ಮೊದಲ ಆಸ್ಪತ್ರೆಯಲ್ಲಿ ಎರಡು ಕೆಲಸ ಆಗಬೇಕು: ಹೆಪಾರಿನ್ ಎಂಬ ಔಷಧಿ ರಕ್ತನಾಳಕ್ಕೆ ಬೀಳಬೇಕು, ಮತ್ತು ಅಲ್ಲಿನ ವೈದ್ಯರು ಮುಂದಿನ ಆಸ್ಪತ್ರೆಗೆ ಫೋನು ಮಾಡಿ ಸರ್ಜನ್ ಇದ್ದಾರೆಯೇ ಎಂದು ಕೇಳಬೇಕು. ನೀವು ಕೈಮುಗಿದು ಕೇಳಿದರೆ ಅದು ಅಧಿಕಪ್ರಸಂಗವಲ್ಲ. ಒಂದು ಆಸ್ಪತ್ರೆಯ ಬಾಗಿಲಿನಿಂದ ಇನ್ನೊಂದರ ಬಾಗಿಲಿಗೆ ಅಲೆಯುವುದರಲ್ಲಿ ಎಷ್ಟೋ ಕಾಲುಗಳು ಹೋಗುತ್ತವೆ.

ಗಂಟೆಯ ಲೆಕ್ಕ ಹಾಕಿ ನೋಡಿರಿ. ರಾತ್ರಿ 10ಕ್ಕೆ ನೋವು ಶುರುವಾಯಿತು ಎಂದುಕೊಳ್ಳಿ. 11ಕ್ಕೆ ಗಾಡಿ ಬಂದು, 12ಕ್ಕೆ ಮೊದಲ ಆಸ್ಪತ್ರೆಯಲ್ಲಿ ಹೆಪಾರಿನ್ ಬಿದ್ದು, ಒಂದೂವರೆಗೆ ದೊಡ್ಡ ಆಸ್ಪತ್ರೆ ಸೇರಿದರೆ 3 ಗಂಟೆಯ ಹೊತ್ತಿಗೆ ಕತ್ತಿ ಕೈಗೆ ಬಂದೀತು. ಐದು ಗಂಟೆ ಕಳೆದಿದೆ, ಕಾಲು ಉಳಿಯುವ ಭರವಸೆ ಇದೆ. ಅದೇ ಮನುಷ್ಯ ಬೆಳಗಿನ ಮೊದಲ ಬಸ್ಸಿಗೆ ಕಾದರೆ ಬಸ್ಸು ಹತ್ತುವಾಗಲೇ ಎಂಟು ಗಂಟೆ ಆಗಿಹೋಗಿರುತ್ತದೆ.

ತೋಟದಲ್ಲಿದ್ದಾಗ ಇನ್ನೊಂದು ಕಷ್ಟ. ರಾತ್ರಿ ರೈಟರನ್ನೋ ಮ್ಯಾನೇಜರನ್ನೋ ಎಬ್ಬಿಸಿ ಜೀಪು ಕೇಳಲು ಹೆದರಿಕೆ. ತೋಟದ ಕೆಲಸಗಾರರಿಗೂ ಅವರ ಮನೆಯವರಿಗೂ ವೈದ್ಯಕೀಯ ಸೌಕರ್ಯ ಒದಗಿಸುವುದು ಮಾಲೀಕರ ಹೊಣೆ ಎಂದು 1951ರ ತೋಟ ಕಾರ್ಮಿಕರ ಕಾಯಿದೆಯೇ ಬರೆದಿತ್ತು. ಅದು ಬೇಡುವ ಮಾತಲ್ಲ, ಕೇಳುವ ಮಾತು. ಸರ್ಕಾರಿ ಆಸ್ಪತ್ರೆ ತುರ್ತು ರೋಗಿಯನ್ನು ಹಿಂದಕ್ಕೆ ಕಳಿಸಬಾರದೆಂಬ ದೊಡ್ಡ ತೀರ್ಪೂ ನಮ್ಮಂಥವರ ಮೊಕದ್ದಮೆಯಿಂದಲೇ ಬಂದದ್ದು. ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದ ಒಬ್ಬ ಕಾರ್ಮಿಕನನ್ನು 1992ರಲ್ಲಿ ಒಂದರ ಮೇಲೊಂದು ಸರ್ಕಾರಿ ಆಸ್ಪತ್ರೆಗಳು ಹಾಸಿಗೆ ಇಲ್ಲವೆಂದು ಕಳಿಸಿಬಿಟ್ಟವು. ಅವನ ಕೃಷಿಕಾರ್ಮಿಕರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. ತುರ್ತು ಚಿಕಿತ್ಸೆ ಕೊಡದಿರುವುದು ಬದುಕುವ ಹಕ್ಕನ್ನೇ ಕಸಿದಂತೆ ಎಂದು 1996ರಲ್ಲಿ ಕೋರ್ಟು ಹೇಳಿತು, ಪರಿಹಾರವನ್ನೂ ಕೊಡಿಸಿತು.

ಹಣದ ಮಾತೂ ಬರಲಿ. ಆರೋಗ್ಯಶ್ರೀ ಯೋಜನೆ 2007ರ ಏಪ್ರಿಲ್ 1ರಂದು ಮೊಟ್ಟಮೊದಲು ಆರಂಭವಾದ ಮೂರು ಜಿಲ್ಲೆಗಳಲ್ಲಿ ನಮ್ಮ ಅನಂತಪುರವೂ ಒಂದು. ಈಗ ಅದಕ್ಕೆ ಡಾ. ಎನ್‌ಟಿಆರ್ ವೈದ್ಯಸೇವೆ ಎಂದು ಹೆಸರು. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಎಂಬವರು ಕೂತಿರುತ್ತಾರೆ. ರೋಗಿಯ ಜೊತೆ ಹೋದ ಇಬ್ಬರಲ್ಲಿ ಒಬ್ಬರು ರೋಗಿಯ ಬಳಿ ಇರಲಿ, ಇನ್ನೊಬ್ಬರು ಕಾರ್ಡು ಹಿಡಿದು ಅವರನ್ನು ಹುಡುಕಲಿ. ತುರ್ತಿನಲ್ಲಿ ಫೋನಿನಲ್ಲಿಯೇ ಒಪ್ಪಿಗೆ ಪಡೆಯುವ ಏರ್ಪಾಡು ಅದರಲ್ಲಿ ಉಂಟು. ಗಡಿಯಾಚೆಯ ಯಾವ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡು ನಡೆಯುತ್ತದೆ ಎಂಬುದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಿ ಇಟ್ಟುಕೊಳ್ಳಿರಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ ಎಂಬುದು ತಿಳಿದಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ. ಹೆಪಾರಿನ್ ಹೆಪ್ಪನ್ನು ಕರಗಿಸುವುದಿಲ್ಲ, ಅದು ಇನ್ನಷ್ಟು ಬೆಳೆಯದಂತೆ ತಡೆಯುತ್ತದೆ. ಕೂತ ಹೆಪ್ಪಿನ ಹಿಂದೆ ಮುಂದೆ ನಿಂತ ರಕ್ತವೂ ಹೆಪ್ಪಾಗುತ್ತಾ ಹೋಗುವುದೇ ದೊಡ್ಡ ಅಪಾಯ. ಆ ಔಷಧಿಯನ್ನು 1916ರಲ್ಲಿ ಅಮೆರಿಕೆಯ ಬಾಲ್ಟಿಮೋರಿನಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯಕೀಯ ವಿದ್ಯಾರ್ಥಿ ಕಂಡುಕೊಳ್ಳುವ ದಾರಿ ತೆರೆದನು. ಆಮೇಲೆ ಒಂದು ಸಣ್ಣ ಯಂತ್ರದಿಂದ ರಕ್ತ ಹರಿಯುವ ಸದ್ದನ್ನು ಕೇಳುತ್ತಾರೆ, ಹೊತ್ತಿದ್ದರೆ ಬಣ್ಣದ ಔಷಧಿ ಬಿಟ್ಟು ಚಿತ್ರ ತೆಗೆಯುತ್ತಾರೆ. ಕಾಲು ಸಾಯುವ ಅಂಚಿನಲ್ಲಿದ್ದರೆ ಚಿತ್ರಕ್ಕೂ ಕಾಯದೆ ಒಳಗೆ ಕರೆದೊಯ್ಯುತ್ತಾರೆ.

ಹೆಪ್ಪನ್ನು ತೆಗೆಯುವ ಉಪಾಯ ಹುಟ್ಟಿದ ಕಥೆಯನ್ನು ನಾವು ಹೇಳದೆ ಬಿಡಲಾರೆವು. 1911ರಲ್ಲಿಯೇ ಪ್ಯಾರಿಸಿನಲ್ಲಿ ಜಾರ್ಜ್ ಲಾಬೇ ಎಂಬ ಸರ್ಜನ್ ರಕ್ತನಾಳ ಸೀಳಿ ಹೆಪ್ಪು ತೆಗೆದು ಕಾಲು ಉಳಿಸಿದ್ದರು. ಆದರೆ ಅದು ಉದ್ದಕ್ಕೂ ಕೊಯ್ಯುವ ದೊಡ್ಡ ಕೆಲಸ. ಹೃದಯ ಮೊದಲೇ ಸೋತಿದ್ದ ರೋಗಿಗಳು ಅದನ್ನು ತಾಳದೆ ಸಾಯುತ್ತಿದ್ದರು, ಇಲ್ಲವೇ ಕಾಲು ಕಳೆದುಕೊಳ್ಳುತ್ತಿದ್ದರು. ಅಮೆರಿಕೆಯ ಸಿನ್ಸಿನಾಟಿ ಎಂಬ ಊರಿನಲ್ಲಿ ತಂದೆಯಿಲ್ಲದ ಒಬ್ಬ ಹುಡುಗ ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ಕೂಲಿಗೆ ಸಹಾಯಕನಾಗಿದ್ದನು. ಹೆಸರು ಥಾಮಸ್ ಫೋಗಾರ್ಟಿ. ಈ ಸಾವುಗಳನ್ನು ಪಕ್ಕದಲ್ಲಿ ನಿಂತು ನೋಡಿದವನು. ಮುಂದೆ ವೈದ್ಯಕೀಯ ಓದುವಾಗ ಮೂತ್ರಕ್ಕೆ ಹಾಕುವಂಥ ಒಂದು ತೆಳ್ಳನೆಯ ನಳಿಕೆಗೆ ಸರ್ಜನರ ರಬ್ಬರು ಗವಸಿನ ಕಿರುಬೆರಳಿನ ತುದಿಯನ್ನು ಕತ್ತರಿಸಿ ಕಟ್ಟಿದನು. ಅಂಟು ಹಿಡಿಯಲಿಲ್ಲ. ಮೀನು ಹಿಡಿಯುವ ಗಾಳಕ್ಕೆ ನೊಣದಂಥ ಗೊಂಡೆ ಕಟ್ಟುವ ಗಂಟು ಅವನಿಗೆ ಗೊತ್ತಿತ್ತು, ಅದರಿಂದ ಬಿಗಿದನು. ನಳಿಕೆಯನ್ನು ಹೆಪ್ಪಿನ ಆಚೆಗೆ ದಾಟಿಸುವುದು, ತುದಿಯ ಬಲೂನನ್ನು ಉಬ್ಬಿಸುವುದು, ಮೆಲ್ಲನೆ ಹಿಂದಕ್ಕೆ ಎಳೆಯುವುದು. ಹೆಪ್ಪೆಲ್ಲ ಬಲೂನಿನ ಮುಂದೆ ಸೇರಿ ತೊಡೆಸಂದಿಯ ಸಣ್ಣ ಸೀಳಿನಿಂದ ಹೊರಗೆ ಬರುತ್ತದೆ. 1961ರಲ್ಲಿ ಮೊದಲ ರೋಗಿಗೆ ಅದನ್ನು ಬಳಸಿದರು, 1963ರಲ್ಲಿ ಲೋಕಕ್ಕೆ ತಿಳಿಸಿದರು. ಇಂದಿಗೂ ಆ ಸಲಕರಣೆಗೆ ಫೋಗಾರ್ಟಿ ನಳಿಕೆ ಎಂದೇ ಹೆಸರು. ಎಷ್ಟೋ ಸಲ ಸೊಂಟದ ಕೆಳಗಷ್ಟೇ, ಇಲ್ಲವೇ ಆ ಜಾಗಕ್ಕಷ್ಟೇ ಮರಗಟ್ಟಿಸಿ ಇದನ್ನು ಮಾಡಿ ಮುಗಿಸುತ್ತಾರೆ.

ಎಲ್ಲರಿಗೂ ಇದೇ ದಾರಿಯಲ್ಲ. ಸ್ಪರ್ಶ ಇನ್ನೂ ಉಳಿದಿದ್ದು ಒಂದು ದಿನದಷ್ಟು ಅವಕಾಶವಿದ್ದರೆ ನಳಿಕೆಯ ಮೂಲಕ ಹೆಪ್ಪಿನ ಒಳಕ್ಕೇ ಕರಗಿಸುವ ಔಷಧಿಯನ್ನು ಹನಿ ಹನಿಯಾಗಿ ಬಿಡುತ್ತಾರೆ. ಹಳೆಯ ನಾಳವೇ ಕಟ್ಟಿದ್ದರೆ ಬದಲಿ ನಾಳ ಹೊಲಿದು ಬಳಸುದಾರಿ ಮಾಡುತ್ತಾರೆ. ರಕ್ತ ಮರಳಿದ ಮೇಲೆ ಮೀನಖಂಡ ಊದಿ ತನ್ನನ್ನು ತಾನೇ ಹಿಸುಕಿಕೊಳ್ಳುವುದುಂಟು. ಆಗ ಚರ್ಮವನ್ನೂ ಒಳಪೊರೆಯನ್ನೂ ಉದ್ದಕ್ಕೆ ಸೀಳಿ ಬಿಡುತ್ತಾರೆ. ಕಾಲು ಸೀಳಿ ಹಾಳುಮಾಡಿದರು ಎಂದು ಮನೆಯವರು ಜಗಳಕ್ಕೆ ನಿಲ್ಲಬಾರದು, ಅದು ಉಳಿಸುವ ಕೆಲಸ, ಆಮೇಲೆ ಮುಚ್ಚುತ್ತಾರೆ. ಸತ್ತ ಮಾಂಸದಿಂದ ಹೊರಟ ವಿಷ ಮೂತ್ರಪಿಂಡವನ್ನೂ ಹೃದಯವನ್ನೂ ಕೆಡಿಸಬಹುದಾದ್ದರಿಂದ ಒಂದೆರಡು ದಿನ ಮೂತ್ರವನ್ನು ಅಳೆಯುತ್ತಾ ಕಾವಲಿರುತ್ತಾರೆ.

ಈಗ ಕಷ್ಟದ ಮಾತು. ಮಧ್ಯರಾತ್ರಿ ಒಂದು ಕಾಗದ ಮುಂದಿಟ್ಟು ಹೆಬ್ಬೆಟ್ಟು ಕೇಳುತ್ತಾರೆ. ಅದರಲ್ಲಿ “ಕಾಲು ತೆಗೆಯಬೇಕಾಗಬಹುದು” ಎಂದು ಬರೆದಿರುತ್ತದೆ. ಅದನ್ನು ಓದಿ ಕೇಳಿದೊಡನೆ ರೋಗಿಯನ್ನು ಎತ್ತಿಕೊಂಡು ಇನ್ನೊಂದು ಆಸ್ಪತ್ರೆಗೆ ಹೊರಟುಬಿಡುವವರುಂಟು. ಹೊರಡುವ ಮೊದಲು ಕೇಳಿರಿ: ಕಾಲಿನಲ್ಲಿ ಜೀವ ಇದೆಯೇ? ರಕ್ತ ಬಿಡಿಸುವ ಪ್ರಯತ್ನ ಮೊದಲು ಮಾಡುತ್ತೀರಾ? ಇಲ್ಲವಾದರೆ ಏಕೆ? ಜೀವವಿರುವ ಕಾಲಾದರೆ ಆ ಬರಹ ಮುನ್ನೆಚ್ಚರಿಕೆಯದಷ್ಟೇ, ಸಹಿ ಮಾಡಿರಿ. ಸರ್ಜನ್ ಅಲ್ಲಿಲ್ಲವೆಂದರೆ ಬೇರೆ ಮಾತು, ಆಗ ಹೆಪಾರಿನ್ ಹಾಕಿಸಿಕೊಂಡು ಹೊರಡಿರಿ. ಆದರೆ ಕಾಲು ಪೂರ್ತಿ ಸತ್ತು, ಮೀನಖಂಡ ಕಟ್ಟಿಗೆಯಂತೆ ಗಡುಸಾಗಿ, ಚರ್ಮದ ನೀಲಿ ಒತ್ತಿದರೂ ಮಾಸದಂತಾಗಿದ್ದರೆ ಅದನ್ನು ತೆಗೆಯುವುದು ಜೀವ ಉಳಿಸುವುದಕ್ಕೆ. ಸತ್ತ ಕಾಲಿಗೆ ರಕ್ತ ಹರಿಸಿದರೆ ಮನುಷ್ಯನೇ ಹೋಗಬಹುದು. ಕಾಲಿಲ್ಲದ ಅಪ್ಪನೂ ಅಪ್ಪನೇ. ಜೈಪುರದಲ್ಲಿ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿಯೂ ಡಾ. ಪಿ. ಕೆ. ಸೇಠಿಯವರೂ ಸೇರಿ 1968ರಲ್ಲಿ ರೂಪಿಸಿದ ಕೃತಕ ಕಾಲನ್ನು ತೊಟ್ಟು ಬರಿಗಾಲಿನಂತೆಯೇ ಕೆಸರಿನಲ್ಲಿ ನಡೆಯಬಹುದು, ನೆಲದ ಮೇಲೆ ಕೂರಬಹುದು.

ಕಾಲು ಉಳಿದು ಮನೆಗೆ ಬಂದ ಮೇಲೆ ಕಥೆ ಮುಗಿಯುವುದಿಲ್ಲ. ಹೆಪ್ಪು ಎಲ್ಲಿಂದ ಬಂತು ಎಂದು ಹುಡುಕಬೇಕು. ಬಹಳ ಸಲ ಹೃದಯದಿಂದ. ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಕೀಲುಗಳು ಊದಿ, ಕೆಲವರಿಗೆ ಹೃದಯದ ಕವಾಟ ಕೆಡುತ್ತದೆ. ಇಕ್ಕಟ್ಟಾದ ಲೈನು ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಇದು ಹೆಚ್ಚು. ಕೆಟ್ಟ ಕವಾಟದ ಹಿಂದೆ ಹೃದಯದ ಮೇಲಿನ ಕೋಣೆ ಹಿಗ್ಗಿ, ತಾಳ ತಪ್ಪಿ ಅದುರತೊಡಗುತ್ತದೆ. ಅಲ್ಲಿ ನಿಂತ ರಕ್ತ ಹೆಪ್ಪಾಗಿ, ಒಂದು ದಿನ ಚೂರು ಕಿತ್ತುಕೊಂಡು ಹೊರಡುತ್ತದೆ. ಮಿದುಳಿಗೆ ಹೋದರೆ ಲಕ್ವ, ಕಾಲಿಗೆ ಬಂದರೆ ಇದು. ಮೂವತ್ತರ ಹೆಂಗಸಿಗೆ ಗುಡ್ಡ ಹತ್ತುವಾಗ ಏದುಸಿರು, ಎದೆ ಡವಡವ ಎನ್ನುತ್ತಿದ್ದರೆ ರಕ್ತ ಕಡಿಮೆ ಎಂದು ಟಾನಿಕ್ಕು ಕುಡಿಸಿ ಸುಮ್ಮನಾಗದೆ ಹೃದಯದ ಪರೀಕ್ಷೆ ಮಾಡಿಸಿರಿ.

ಗಂಡಸರಲ್ಲಿ ಇನ್ನೊಂದು ಕಾರಣ ನಿಮ್ಮ ಜೇಬಿನಲ್ಲಿಯೇ ಇದೆ. ಬೀಡಿ ನಾಳಗಳ ಒಳಗೋಡೆಯನ್ನು ಕೆಡಿಸುತ್ತದೆ, ಸಕ್ಕರೆ ಕಾಯಿಲೆಯೂ ಬಿ.ಪಿ.ಯೂ ಜೊತೆ ಸೇರಿದರೆ ಇನ್ನೂ ಬೇಗ. ಅಂಥವರಿಗೆ ಮೊದಲು ಸೂಚನೆ ಸಿಗುತ್ತದೆ. ಒಂದಷ್ಟು ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ, ಮತ್ತೆ ಅಷ್ಟೇ ದೂರಕ್ಕೆ ಹಿಡಿಯುತ್ತದೆ. ಆ ಕಿರಿದಾದ ನಾಳವೇ ಒಂದು ದಿನ ಪೂರ್ತಿ ಕಟ್ಟಿಕೊಳ್ಳುತ್ತದೆ. ಮೂವತ್ತು, ನಲವತ್ತರ ಪ್ರಾಯದಲ್ಲಿಯೇ ಬೀಡಿ ಸೇದುವವರ ಕಾಲ್ಬೆರಳುಗಳನ್ನು ಕಪ್ಪಾಗಿಸುವ ಕಾಯಿಲೆಯೊಂದನ್ನು 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್ ವಿವರಿಸಿದರು. ಅವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಬೀಡಿಯನ್ನು ಪೂರ್ತಿ ಬಿಡದೆ ಅದಕ್ಕೆ ಮದ್ದಿಲ್ಲ. ದಿನಕ್ಕೆ ಒಂದೆರಡು ಎಂದು ಉಳಿಸಿಕೊಂಡರೂ ಕಾಯಿಲೆ ಮುಂದುವರಿಯುತ್ತದೆ.

ಹೃದಯದಿಂದ ಹೆಪ್ಪು ಬಂದವರಿಗೆ ರಕ್ತ ತೆಳುವಾಗಿಡುವ ಮಾತ್ರೆ ಕೊಡುತ್ತಾರೆ, ಅನೇಕರಿಗೆ ಜೀವನಪೂರ್ತಿ. ವಾರ್ಫರಿನ್, ಅಸಿಟ್ರಾಂ ಎಂಬಿವು ಹಳೆಯವು. ಆಗಾಗ ರಕ್ತ ಪರೀಕ್ಷೆ ಮಾಡಿಸಿ ಪ್ರಮಾಣ ಸರಿಮಾಡಿಕೊಳ್ಳಬೇಕು. ಪರೀಕ್ಷೆಯಿಲ್ಲದೆ ನುಂಗಬಹುದಾದ ಹೊಸ ಮಾತ್ರೆಗಳು ಬಂದಿವೆ. ಆದರೆ ಕೀಲುವಾತದಿಂದ ಕವಾಟ ಕೆಟ್ಟು ಹೃದಯದ ತಾಳ ತಪ್ಪಿದವರಿಗೆ ಹಳೆಯ ಮಾತ್ರೆಯೇ ಮೇಲು ಎಂದು ನಮ್ಮ ದೇಶವೂ ಸೇರಿ ಹಲವು ದೇಶಗಳಲ್ಲಿ ಮಾಡಿದ ಪರೀಕ್ಷೆಯಿಂದ 2022ರಲ್ಲಿ ಗೊತ್ತಾಯಿತು. ಪಕ್ಕದ ಮನೆಯವರು ಬೇರೆ ಮಾತ್ರೆ ನುಂಗುತ್ತಾರೆಂದು ನೀವು ಬದಲಿಸಬೇಡಿರಿ. ಕವಾಟ ಬದಲಿಸಿ ಲೋಹದ ಕವಾಟ ಹಾಕಿಸಿಕೊಂಡವರು ನಾಲ್ಕು ದಿನ ಮಾತ್ರೆ ತಪ್ಪಿಸಿದರೂ ಹೆಪ್ಪು ಕೂರಬಹುದು. ತೋಟಕ್ಕೆ ಹೊರಡುವಾಗ ಹಾಸಿಗೆ ಸುರುಳಿಯ ಜೊತೆ ಎರಡು ತಿಂಗಳ ಮಾತ್ರೆ ಇರಲಿ, ಪರೀಕ್ಷೆಯ ಪುಸ್ತಕವೂ ಇರಲಿ. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚಿಸಿಕೊಳ್ಳುವ ಮಕ್ಕಳಿದ್ದರೆ ತೋಟದ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹೋದ ವಾರವೇ ಹೆಸರು ಬರೆಸಿರಿ. ಈ ಮಾತ್ರೆ ನುಂಗುತ್ತಿರುವ ಹೆಣ್ಣುಮಗಳು ಮುಟ್ಟು ನಿಂತಿತೆಂದು ತಿಳಿದ ಕೂಡಲೇ ವೈದ್ಯರಿಗೆ ಹೇಳಬೇಕು. ವಾರ್ಫರಿನ್ ಹೊಟ್ಟೆಯಲ್ಲಿನ ಮಗುವಿಗೆ ಕೇಡು ಮಾಡಬಲ್ಲದು. ತಾನಾಗಿಯೇ ನಿಲ್ಲಿಸಿದರೆ ತಾಯಿಗೆ ಕೇಡು, ಆದುದರಿಂದ ಬದಲಿ ಇಂಜೆಕ್ಷನ್ನನ್ನು ವೈದ್ಯರೇ ಗೊತ್ತುಮಾಡುತ್ತಾರೆ.